ಕರೆದರೆ ಬರುವವರು ಯಾರು? ನ್ಯಾಟೊ, ಐರೋಪ್ಯ ಒಕ್ಕೂಟ, ಚಿಕ್ಕ ಕೂಟ, ತಟಸ್ಥ ನೀತಿ: ಒಂದು ಹೋಲಿಕೆ

2022ರ ಮಾರ್ಚ್ 8. ರಷ್ಯಾದ ಟ್ಯಾಂಕುಗಳು ಉಕ್ರೇನಿನೊಳಕ್ಕೆ ನುಗ್ಗಿ ಎರಡು ವಾರ ತುಂಬಿರಲಿಲ್ಲ. ಫಿನ್ಲೆಂಡಿನ ಪ್ರಧಾನಿ ಸನ್ನಾ ಮರಿನ್, ಸ್ವೀಡನ್ನಿನ ಪ್ರಧಾನಿ ಮಗ್ದಲೇನಾ ಆಂಡರ್ಸನ್ ಇಬ್ಬರೂ ಸೇರಿ ಐರೋಪ್ಯ ಒಕ್ಕೂಟದ ಉಳಿದ ನಾಯಕರಿಗೆ ಒಂದು ಪತ್ರ ಬರೆದರು. ನಮ್ಮ ಒಕ್ಕೂಟದ ಒಪ್ಪಂದದಲ್ಲಿ ಪರಸ್ಪರ ನೆರವಿನ ವಿಧಿ ಅಂತ ಒಂದಿದೆ, ಅದನ್ನು ನೆನಪಿಡಿ ಎಂಬುದು ಪತ್ರದ ತಿರುಳು. ಆಮೇಲೆ ಹತ್ತು ವಾರ ಕಳೆಯಿತು. ಮೇ 18ರ ಬೆಳಿಗ್ಗೆ ಅದೇ ಎರಡು ದೇಶಗಳ ರಾಯಭಾರಿಗಳು ಬ್ರಸೆಲ್ಸಿನ ನ್ಯಾಟೊ ಕಚೇರಿಗೆ ಹೋಗಿ ಸದಸ್ಯತ್ವದ ಅರ್ಜಿ ಕೊಟ್ಟು ಬಂದರು.

ಆ ಹತ್ತು ವಾರಗಳಲ್ಲಿ ಅವರು ಹಾಕಿದ ಲೆಕ್ಕ ಏನು ಎಂಬುದೇ ಈ ಬರಹ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಪದೇ ಪದೇ ಕೇಳುವ ಪ್ರಶ್ನೆ ಇದು: ಐರೋಪ್ಯ ಒಕ್ಕೂಟ ಇದ್ದ ಮೇಲೆ ನ್ಯಾಟೊ ಯಾಕೆ? ಎರಡರಲ್ಲೂ ಹೆಚ್ಚುಕಡಿಮೆ ಅವೇ ದೇಶಗಳಲ್ಲವೇ? ಪ್ರಶ್ನೆ ಸರಿಯಾಗಿಯೇ ಇದೆ. ಒಕ್ಕೂಟದಲ್ಲಿ 27 ದೇಶ, ನ್ಯಾಟೊದಲ್ಲಿ 32, ಎರಡರಲ್ಲೂ ಇರುವವು 23. ಆದರೂ ಆರಿಸಿಕೊಳ್ಳಬೇಕಾಗಿ ಬಂದ ದೇಶಗಳು ಎರಡನ್ನೂ ಒಂದೇ ಎಂದು ಎಣಿಸಲಿಲ್ಲ. ಯಾಕೆ ಎಂದು ತಿಳಿಯಬೇಕಾದರೆ ಯೂರೋಪಿನ ಒಂದು ಚಿಕ್ಕ ದೇಶದ ರಕ್ಷಣಾ ಮಂತ್ರಿಯ ಕುರ್ಚಿಯಲ್ಲಿ ಸ್ವಲ್ಪ ಹೊತ್ತು ಕೂರಬೇಕು. ಫಿನ್ಲೆಂಡ್ ಎಂದೇ ಇಟ್ಟುಕೊಳ್ಳಿ. ಜನಸಂಖ್ಯೆ ಸುಮಾರು 56 ಲಕ್ಷ, ಅಂದರೆ ಬೆಂಗಳೂರಿಗಿಂತ ಕಡಿಮೆ. ರಷ್ಯಾ ಜೊತೆಗಿನ ಗಡಿ ಸುಮಾರು 1,340 ಕಿಲೋಮೀಟರ್. ಮೇಜಿನ ಮೇಲೆ ನಾಲ್ಕು ದಾರಿಗಳಿವೆ: ನ್ಯಾಟೊ, ಐರೋಪ್ಯ ಒಕ್ಕೂಟದ ರಕ್ಷಣಾ ವ್ಯವಸ್ಥೆ, ನೆರೆಹೊರೆಯ ಚಿಕ್ಕ ಕೂಟ, ಇಲ್ಲವೇ ಯಾರ ಸಹವಾಸವೂ ಬೇಡ ಎಂಬ ತಟಸ್ಥ ನೀತಿ.

ಕಾಗದದ ಮೇಲಿನ ಮಾತು

ಮೊದಲು ಒಪ್ಪಂದದ ಭಾಷೆಯನ್ನೇ ಪಕ್ಕಪಕ್ಕ ಇಟ್ಟು ಓದೋಣ. ಇಲ್ಲೊಂದು ಅಚ್ಚರಿ ಕಾದಿದೆ.

ನ್ಯಾಟೊ ಒಪ್ಪಂದಕ್ಕೆ 1949ರ ಏಪ್ರಿಲ್ 4ರಂದು ವಾಷಿಂಗ್ಟನ್ನಿನಲ್ಲಿ 12 ದೇಶಗಳು ಸಹಿ ಹಾಕಿದವು. ಅದರ 5ನೇ ವಿಧಿ ಜಗತ್ಪ್ರಸಿದ್ಧ: ಒಬ್ಬರ ಮೇಲಿನ ದಾಳಿ ಎಲ್ಲರ ಮೇಲಿನ ದಾಳಿ. ಬಹಳ ಮಂದಿ ಅಷ್ಟಕ್ಕೇ ಓದು ನಿಲ್ಲಿಸಿಬಿಡುತ್ತಾರೆ. ಮುಂದಿನ ಸಾಲು ಏನು ಹೇಳುತ್ತದೆ ಗೊತ್ತೇ? ಪ್ರತಿಯೊಂದು ದೇಶವೂ ತನಗೆ ಅಗತ್ಯವೆಂದು ತೋರಿದ ಕ್ರಮ ಕೈಗೊಳ್ಳುತ್ತದೆ. ಸೇನೆ ಬಳಸುವುದೂ ಅದರಲ್ಲಿ ಸೇರಬಹುದು. "ತನಗೆ ತೋರಿದ" ಎಂಬ ಆ ಮಾತು ಸುಮ್ಮನೆ ಬಂದದ್ದಲ್ಲ. ಯುದ್ಧ ಸಾರುವ ಅಧಿಕಾರ ತಮ್ಮ ಸಂಸತ್ತಿನದು, ಅದನ್ನು ಒಪ್ಪಂದಕ್ಕೆ ಬಿಟ್ಟುಕೊಡಲಾಗದು ಎಂದು ಅಮೆರಿಕದ ಸೆನೆಟರುಗಳು ಪಟ್ಟು ಹಿಡಿದಿದ್ದರು. ಹಾಗಾಗಿ ಕಾನೂನಿನ ಪ್ರಕಾರ ನೋಡಿದರೆ, ಒಂದು ದೇಶ ಹೊದಿಕೆ, ಔಷಧಿ ಕಳಿಸಿ ನನ್ನ ಪಾಲಿನದು ಮುಗಿಯಿತು ಎಂದರೂ ನಡೆಯುತ್ತದೆ.

ಇನ್ನು ಐರೋಪ್ಯ ಒಕ್ಕೂಟದ ಕಡೆ ಬನ್ನಿ. 2009ರ ಡಿಸೆಂಬರ್ 1ರಂದು ಜಾರಿಗೆ ಬಂದ ಲಿಸ್ಬನ್ ಒಪ್ಪಂದದಿಂದ ಸೇರಿದ್ದು 42ನೇ ವಿಧಿಯ 7ನೇ ಉಪವಿಧಿ. ಸದಸ್ಯ ದೇಶದ ನೆಲದ ಮೇಲೆ ಸಶಸ್ತ್ರ ಆಕ್ರಮಣವಾದರೆ ಉಳಿದವರು ತಮ್ಮ ಕೈಲಾದ ಎಲ್ಲ ಬಗೆಯಲ್ಲೂ ನೆರವಾಗಬೇಕು, ಅದು ಅವರ ಹೊಣೆ ಎನ್ನುತ್ತದೆ. ಮಾತು ಇದರದ್ದೇ ಗಟ್ಟಿ. ಕಾಗದ ತೂಗಿ ಆರಿಸುವುದಾದರೆ ಒಕ್ಕೂಟವೇ ಗೆಲ್ಲಬೇಕು. ಆದರೆ ಬೆನ್ನಿಗೇ ಎರಡು ಷರತ್ತುಗಳಿವೆ. ಕೆಲವು ಸದಸ್ಯರ ರಕ್ಷಣಾ ನೀತಿಯ ವಿಶೇಷ ಸ್ವರೂಪಕ್ಕೆ ಇದರಿಂದ ಧಕ್ಕೆಯಾಗಬಾರದು ಎನ್ನುವುದು ಒಂದು. ಐರ್ಲೆಂಡ್, ಆಸ್ಟ್ರಿಯಾಗಳಂಥ ತಟಸ್ಥರಿಗಾಗಿ ಬಿಟ್ಟ ಕಿಂಡಿ ಅದು. ನ್ಯಾಟೊ ಸದಸ್ಯರಾದವರಿಗೆ ಸಾಮೂಹಿಕ ರಕ್ಷಣೆಯ ಬುನಾದಿ ನ್ಯಾಟೊವೇ ಎನ್ನುವುದು ಇನ್ನೊಂದು. ಅಂದರೆ ಒಕ್ಕೂಟ ತನ್ನ ಒಪ್ಪಂದದಲ್ಲೇ, ದೊಡ್ಡ ಗಂಡಾಂತರ ಬಂದರೆ ಪಕ್ಕದ ಕಚೇರಿಗೆ ಹೋಗಿ ಎಂದು ಬರೆದುಕೊಂಡಂತಾಯಿತು.

ಕಾಗದದ ಬೆಲೆ ಎಷ್ಟು ಎಂದು ಕೇಳಬೇಕಾದದ್ದು ಉಕ್ರೇನನ್ನು. 1994ರ ಡಿಸೆಂಬರ್ 5ರಂದು ಬುಡಾಪೆಸ್ಟಿನಲ್ಲಿ ಅಮೆರಿಕ, ಬ್ರಿಟನ್ ಮತ್ತು ರಷ್ಯಾ ಮೂವರೂ ಉಕ್ರೇನಿನ ಗಡಿಗಳನ್ನು ಗೌರವಿಸುತ್ತೇವೆ ಎಂದು ಸಹಿ ಹಾಕಿದರು. ಸೋವಿಯತ್ ಕಾಲದಿಂದ ತನ್ನ ನೆಲದಲ್ಲಿ ಉಳಿದಿದ್ದ, ಆಗ ಜಗತ್ತಿನಲ್ಲೇ ಮೂರನೆಯ ಸ್ಥಾನದಲ್ಲಿದ್ದ ಅಣ್ವಸ್ತ್ರ ಸಂಗ್ರಹವನ್ನು ಉಕ್ರೇನ್ ಬಿಟ್ಟುಕೊಟ್ಟಿತು. ಇಪ್ಪತ್ತು ವರ್ಷದಲ್ಲಿ ಕ್ರಿಮಿಯಾ ರಷ್ಯಾದ ಕೈಸೇರಿತು. ಆ ಪತ್ರದಲ್ಲಿ ಭರವಸೆ ಇತ್ತು, ಖಾತರಿ ಇರಲಿಲ್ಲ. ಬಂದು ಕಾಪಾಡುವ ಹೊಣೆಯನ್ನು ಯಾರೂ ಹೊತ್ತಿರಲಿಲ್ಲ. 2008ರ ಬುಕಾರೆಸ್ಟ್ ಸಭೆಯಲ್ಲಿ ನ್ಯಾಟೊ ಕೂಡ ಉಕ್ರೇನ್ ಮತ್ತು ಜಾರ್ಜಿಯಾ ಮುಂದೊಂದು ದಿನ ಸದಸ್ಯರಾಗುತ್ತವೆ ಎಂದು ಸಾರಿ, ಯಾವ ದಿನ ಎಂದು ಹೇಳದೆ ಬಿಟ್ಟಿತು. ನನ್ನ ಮಟ್ಟಿಗೆ ಇದಕ್ಕಿಂತ ಕೆಟ್ಟ ಸ್ಥಿತಿ ಇನ್ನೊಂದಿಲ್ಲ. ಎದುರಾಳಿಗೆ ಸಿಟ್ಟು ಬರುವಷ್ಟು ಮಾತು, ಅವನನ್ನು ತಡೆಯಲು ಏನೂ ಇಲ್ಲ.

ಕರೆದಾಗ ಏನಾಯಿತು

ಎರಡು ವಿಧಿಗಳೂ ಇಲ್ಲಿಯತನಕ ಬಳಕೆಯಾಗಿರುವುದು ಒಂದೊಂದೇ ಸಲ. ಎರಡರ ಕಾರ್ಯವೈಖರಿಯನ್ನು ಹೋಲಿಸಲು ಅಷ್ಟು ಸಾಕು.

2001ರ ಸೆಪ್ಟೆಂಬರ್ 11ರ ದಾಳಿಯ ಮಾರನೆಯ ದಿನವೇ ನ್ಯಾಟೊ 5ನೇ ವಿಧಿಯನ್ನು ಎತ್ತಿಕೊಂಡಿತು. ಯೂರೋಪನ್ನು ಅಮೆರಿಕ ಕಾಯಲಿ ಎಂದು ಮಾಡಿದ ಒಪ್ಪಂದ, ಮೊದಲ ಸಲ ಜೀವ ತಳೆದದ್ದು ಅಮೆರಿಕವನ್ನು ಕಾಯಲು. ಅಕ್ಟೋಬರಿನಿಂದ ಮುಂದಿನ ಮೇ ವರೆಗೆ ನ್ಯಾಟೊದ 7 ಕಣ್ಗಾವಲು ವಿಮಾನಗಳು, 13 ದೇಶಗಳ 830 ಸಿಬ್ಬಂದಿಯೊಂದಿಗೆ ಅಮೆರಿಕದ ಆಕಾಶದಲ್ಲಿ ಗಸ್ತು ತಿರುಗಿದವು. ಇದು ಸಾಧ್ಯವಾದದ್ದು ವಿಮಾನಗಳು ಯಾವುದೋ ಒಂದು ದೇಶದ್ದಲ್ಲ, ನ್ಯಾಟೊದ್ದೇ ಆಗಿದ್ದರಿಂದ. ಸಿಬ್ಬಂದಿ ಮೊದಲಿನಿಂದಲೂ ಒಟ್ಟಿಗೆ ಪಳಗಿದವರು. ಯಾರ ಆಜ್ಞೆ ಯಾರು ಪಾಲಿಸಬೇಕು ಎಂಬ ಚರ್ಚೆಯೇ ಏಳಲಿಲ್ಲ.

2015ರ ನವೆಂಬರ್ 13ರ ಪ್ಯಾರಿಸ್ ದಾಳಿಯ ನಂತರ, 17ರಂದು ಫ್ರಾನ್ಸ್ ನ್ಯಾಟೊವನ್ನು ಬಿಟ್ಟು ಐರೋಪ್ಯ ಒಕ್ಕೂಟದ ವಿಧಿಯನ್ನು ಎತ್ತಿಕೊಂಡಿತು. ಎಲ್ಲ ದೇಶಗಳೂ ಒಕ್ಕೊರಲಿನಿಂದ ಹೂಂ ಎಂದವು. ಆಮೇಲೆ? ಬ್ರಸೆಲ್ಸಿನಿಂದ ಯಾವ ಪಡೆಯೂ ಹೊರಡಲಿಲ್ಲ, ಯಾವ ದಂಡನಾಯಕನೂ ಆಜ್ಞೆ ಕೊಡಲಿಲ್ಲ. ಫ್ರಾನ್ಸ್ ಒಂದೊಂದೇ ದೇಶವನ್ನು ಪ್ರತ್ಯೇಕವಾಗಿ ಮಾತಾಡಿಸಿ, ನೀವೇನು ಕೊಡುತ್ತೀರಿ ಎಂದು ಕೇಳಿತು. ಜರ್ಮನಿಯ ಸಂಸತ್ತು 1,200 ಯೋಧರವರೆಗೆ ಕಳಿಸಲು ಒಪ್ಪಿಗೆ ಕೊಟ್ಟಿತು, ಬ್ರಿಟನ್ ಸೈಪ್ರಸ್‌ನಲ್ಲಿರುವ ತನ್ನ ಅಕ್ರೋಟಿರಿ ವಾಯುನೆಲೆಯನ್ನು ತೆರೆಯಿತು. ನೆರವು ಬಂದದ್ದು ನಿಜ. ಆದರೆ ನಮ್ಮ ಹಳ್ಳಿಯಲ್ಲಿ ಮದುವೆಗೆ ಮುಯ್ಯಿ ಬರುವ ಹಾಗೆ, ಅವರವರ ಶಕ್ತಿ, ಅವರವರ ಮನಸ್ಸು.

ಎರಡಕ್ಕೂ ಇರುವ ನಿಜವಾದ ವ್ಯತ್ಯಾಸ ಇಲ್ಲಿದೆ. ನ್ಯಾಟೊಗೆ ಬೆಲ್ಜಿಯಮಿನ ಮೋನ್ಸ್‌ನಲ್ಲಿ ಯುದ್ಧಕ್ಕೆಂದೇ ಕಟ್ಟಿದ ಪ್ರಧಾನ ಕಚೇರಿ ಇದೆ. ಅದರ ಮಹಾದಂಡನಾಯಕ ಯಾವಾಗಲೂ ಒಬ್ಬ ಅಮೆರಿಕನ್ ಸೇನಾಧಿಕಾರಿ. ಒಕ್ಕೂಟ 2017ರಲ್ಲಷ್ಟೇ ಒಂದು ಪುಟ್ಟ ಸೇನಾ ಯೋಜನಾ ಕಚೇರಿ ತೆರೆಯಿತು. 2007ರಿಂದ ಒಕ್ಕೂಟದ ಬಳಿ ಸುಮಾರು 1,500 ಯೋಧರ ತುಕಡಿಗಳು ಸರದಿಯಂತೆ ಸಜ್ಜಾಗಿ ನಿಂತಿದ್ದವು; ಒಂದೇ ಒಂದು ಸಲವೂ ಅವನ್ನು ಕಣಕ್ಕೆ ಇಳಿಸಲಿಲ್ಲ. ಅತ್ತ ನ್ಯಾಟೊ 2016ರ ವಾರ್ಸಾ ತೀರ್ಮಾನದಂತೆ ಎಸ್ಟೋನಿಯಾದಲ್ಲಿ ಬ್ರಿಟನ್, ಲಾಟ್ವಿಯಾದಲ್ಲಿ ಕೆನಡಾ, ಲಿಥುವೇನಿಯಾದಲ್ಲಿ ಜರ್ಮನಿ, ಪೋಲೆಂಡಿನಲ್ಲಿ ಅಮೆರಿಕ ಮುಂದಾಳಾಗಿರುವ ಪಡೆಗಳನ್ನು ತಂದು ಕೂರಿಸಿತು. ಲಿಥುವೇನಿಯಾದಲ್ಲಿ ಜರ್ಮನಿ ಈಗ ಸುಮಾರು 4,800 ಯೋಧರ ಕಾಯಂ ಬ್ರಿಗೇಡನ್ನೇ ಕಟ್ಟುತ್ತಿದೆ. ದಾಳಿಯಾದರೆ ಮೊದಲ ದಿನವೇ ಜರ್ಮನ್ ಯೋಧ ಸಾಯುತ್ತಾನೆ. ಆಗ ಬರ್ಲಿನ್ನಿಗೆ ಸುಮ್ಮನಿರುವ ಆಯ್ಕೆ ಉಳಿಯುವುದಿಲ್ಲ. ಕೇಳಲು ಕ್ರೂರ. ಆದರೆ 5ನೇ ವಿಧಿಯ "ತನಗೆ ತೋರಿದ" ಎಂಬ ಕಿಂಡಿಯನ್ನು ಮುಚ್ಚಿರುವುದು ವಕೀಲರಲ್ಲ, ಆ ಯೋಧರು.

ಯುದ್ಧಕಾಲೇ ಶಸ್ತ್ರಾಭ್ಯಾಸ ಎಂದು ನಾವು ಹಂಗಿಸುತ್ತೇವಲ್ಲ, ಮೈತ್ರಿಕೂಟಗಳನ್ನು ಹೋಲಿಸುವಾಗ ಮೊದಲು ಇಡಬೇಕಾದ ಅಳತೆಗೋಲು ಅದೇ. ಏನು ಬರೆದಿದ್ದಾರೆ ಎನ್ನುವುದಕ್ಕಿಂತ ಕಳೆದ ವರ್ಷ ಎಷ್ಟು ಸಲ ಒಟ್ಟಿಗೆ ಸಮರಾಭ್ಯಾಸ ಮಾಡಿದ್ದಾರೆ, ಯಾರ ಗುಂಡು ಯಾರ ಬಂದೂಕಿಗೆ ಹೊಂದುತ್ತದೆ ಎಂದು ಕೇಳಿ.

ನಕ್ಷೆಯನ್ನೂ ಬಿಡಿಸಿ ನೋಡಿ

ನ್ಯಾಟೊ ಒಪ್ಪಂದದ 6ನೇ ವಿಧಿಯನ್ನು ಯಾರೂ ಓದುವುದಿಲ್ಲ. ಕನ್ನಡಿಗರಾದರೂ ಓದಬೇಕು. ರಕ್ಷಣೆ ಎಲ್ಲಿಯವರೆಗೆ ಎಂದು ಗೆರೆ ಎಳೆಯುವುದು ಅದು: ಯೂರೋಪ್, ಉತ್ತರ ಅಮೆರಿಕ, ಅಟ್ಲಾಂಟಿಕ್‌ನಲ್ಲಿ ಕರ್ಕಾಟಕ ಸಂಕ್ರಾಂತಿ ವೃತ್ತದ ಉತ್ತರಕ್ಕಿರುವ ದ್ವೀಪಗಳು. ಪೋರ್ಚುಗಲ್ ನ್ಯಾಟೊದ ಸ್ಥಾಪಕ ಸದಸ್ಯ. 1961ರ ಡಿಸೆಂಬರಿನಲ್ಲಿ ನಮ್ಮ ಸೇನೆ ಗೋವಾಕ್ಕೆ ಹೋದಾಗ, ಬೆಳಗಾವಿಯ ಸಾಂಬ್ರಾದಿಂದ ಹಂಟರ್ ವಿಮಾನಗಳು ಹಾರಿದವು. ಕಾರವಾರದ ಎದುರಿನ ಅಂಜದೀವ್ ದ್ವೀಪದ ಕಾರ್ಯಾಚರಣೆಯಲ್ಲಿ 'ಮೈಸೂರು' ಎಂಬ ಹೆಸರಿನ ಯುದ್ಧನೌಕೆಯೇ ಇತ್ತು. ನ್ಯಾಟೊ ಸದಸ್ಯನ ಕೈಯಲ್ಲಿದ್ದ ನೆಲ ಎರಡು ದಿನದಲ್ಲಿ ಕೈ ಬಿಟ್ಟಿತು. ನ್ಯಾಟೊ ಕದಲಲಿಲ್ಲ, ಏಕೆಂದರೆ ಗೋವಾ ಗೆರೆಯ ಹೊರಗೆ. 1373ರಿಂದ ಪೋರ್ಚುಗಲ್ಲಿನ ಮಿತ್ರನಾಗಿದ್ದ ಬ್ರಿಟನ್ ಕೂಡ ಯುದ್ಧಕ್ಕೆ ಬರಲಿಲ್ಲ. 1982ರಲ್ಲಿ ದಕ್ಷಿಣ ಅಟ್ಲಾಂಟಿಕ್‌ನ ತನ್ನ ಫಾಕ್ಲೆಂಡ್ ದ್ವೀಪಗಳನ್ನು ಅರ್ಜೆಂಟೀನಾ ಹಿಡಿದಾಗ ಅದೇ ಅನುಭವ ಬ್ರಿಟನ್ನಿಗೂ ಆಯಿತು. ಅಮೆರಿಕ ತನ್ನ ಮಟ್ಟಿಗೆ ಕೈ ಜೋಡಿಸಿತು, ನ್ಯಾಟೊವಾಗಿ ಯಾರೂ ಬರಲಿಲ್ಲ. ಅಮೆರಿಕದ ಹವಾಯಿ ದ್ವೀಪಗಳೂ ಗೆರೆಯ ಹೊರಗಿವೆ ಎಂದರೆ ನಂಬುವುದು ಕಷ್ಟ.

ಇದೇ ಪ್ರಶ್ನೆ ಗ್ರೀನ್‌ಲೆಂಡ್‌ನಲ್ಲಿ ತಿರುಗಿ ನಿಂತಿದೆ. ಅದು ಡೆನ್ಮಾರ್ಕಿಗೆ ಸೇರಿದ್ದರಿಂದ ನ್ಯಾಟೊ ಗೆರೆಯೊಳಗಿದೆ, ಆದರೆ 1985ರಲ್ಲೇ ಆಗಿನ ಯೂರೋಪಿಯನ್ ಸಮುದಾಯದಿಂದ ಹೊರಬಂದಿತ್ತು. ಆ ದ್ವೀಪಕ್ಕಾಗಿ ಸೇನೆ ಬಳಸುವುದಿಲ್ಲ ಎಂದು ಹೇಳಲು 2025ರ ಜನವರಿಯಲ್ಲಿ ನಿರಾಕರಿಸಿದ್ದು ನ್ಯಾಟೊದ ಅತಿ ದೊಡ್ಡ ಸದಸ್ಯ ದೇಶದ ಅಧ್ಯಕ್ಷರಾಗಲಿದ್ದ ಟ್ರಂಪ್. ಮನೆಯವರೇ ಮನೆಯವರ ಮೇಲೆ ಕೈ ಎತ್ತಿದರೆ ಏನು ಎಂಬುದಕ್ಕೆ 5ನೇ ವಿಧಿಯಲ್ಲಿ ಉತ್ತರ ಇಲ್ಲ. 1974ರಲ್ಲಿ ಸೈಪ್ರಸ್ ವಿಷಯದಲ್ಲಿ ಗ್ರೀಸ್ ಮತ್ತು ಟರ್ಕಿ ಯುದ್ಧದ ಅಂಚಿಗೆ ಬಂದಾಗಲೂ ಇರಲಿಲ್ಲ. ಗ್ರೀಸ್ ಮುನಿಸಿಕೊಂಡು 1980ರವರೆಗೆ ನ್ಯಾಟೊದ ಸೇನಾ ವ್ಯವಸ್ಥೆಯಿಂದಲೇ ದೂರ ಉಳಿಯಿತು.

ಎರಡು ಕಚೇರಿಗಳ ನಡುವಿನ ಸೈಪ್ರಸ್

ಸೈಪ್ರಸ್ ಹೆಸರು ಬಂದದ್ದು ಒಳ್ಳೆಯದೇ ಆಯಿತು. ನ್ಯಾಟೊ ಮತ್ತು ಐರೋಪ್ಯ ಒಕ್ಕೂಟ ಎರಡೂ ಬ್ರಸೆಲ್ಸಿನಲ್ಲೇ ಇವೆ, ನಡುವೆ ಕೆಲವೇ ಕಿಲೋಮೀಟರ್. ಆದರೂ ಅವು ವಿಧಿವತ್ತಾಗಿ ಎದುರುಬದುರು ಕೂತು ಮಾತಾಡುವುದು ಕಷ್ಟ. ಸೈಪ್ರಸ್ ಒಕ್ಕೂಟದಲ್ಲಿದೆ, ನ್ಯಾಟೊದಲ್ಲಿಲ್ಲ. ಟರ್ಕಿ ನ್ಯಾಟೊದಲ್ಲಿದೆ, ಒಕ್ಕೂಟದಲ್ಲಿಲ್ಲ. ಸೈಪ್ರಸ್ ಸರ್ಕಾರವನ್ನು ಟರ್ಕಿ ಮಾನ್ಯ ಮಾಡುವುದಿಲ್ಲ. ನ್ಯಾಟೊದ ಗುಟ್ಟಿನ ಕಾಗದಗಳು ಸೈಪ್ರಸ್ ಇರುವ ಸಭೆಗೆ ಹೋಗದಂತೆ ಟರ್ಕಿ ತಡೆದರೆ, ಒಕ್ಕೂಟದ ರಕ್ಷಣಾ ಸಂಸ್ಥೆಯೊಳಕ್ಕೆ ಟರ್ಕಿ ಬಾರದಂತೆ ಸೈಪ್ರಸ್ ತಡೆಯುತ್ತದೆ. ಆ ದ್ವೀಪದ ಗ್ರೀಕ್ ಮತ್ತು ಟರ್ಕಿ ಮೂಲದವರ ಜಗಳ ಬಿಡಿಸಲು 1964ರಲ್ಲಿ ಹೋದ ವಿಶ್ವಸಂಸ್ಥೆಯ ಶಾಂತಿಪಡೆಗೆ ದಂಡನಾಯಕರಾಗಿದ್ದವರು ನಮ್ಮ ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯ. 1965ರ ಡಿಸೆಂಬರಿನಲ್ಲಿ ಅಲ್ಲೇ ಕೊನೆಯುಸಿರೆಳೆದರು. ಮರುವರ್ಷ ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ತಂದಿತು. ಶಾಂತಿಪಡೆ ಇವತ್ತಿಗೂ ಅಲ್ಲಿದೆ, ಜಗಳವೂ ಇದೆ.

ಇಷ್ಟಾದರೂ ಎರಡೂ ಕೂಟಗಳು ಒಟ್ಟಿಗೆ ಕೆಲಸ ಮಾಡಿಲ್ಲವೆಂದಲ್ಲ. 2003ರ ಮಾರ್ಚ್‌ನಲ್ಲಿ 'ಬರ್ಲಿನ್ ಪ್ಲಸ್' ಎಂಬ ಏರ್ಪಾಟು ಆಯಿತು. ನ್ಯಾಟೊ ಸುಮ್ಮನಿರುವ ಕಡೆ ಒಕ್ಕೂಟ ಕಾರ್ಯಾಚರಣೆ ಮಾಡುವುದಾದರೆ ನ್ಯಾಟೊದ ಯೋಜನಾ ಕಚೇರಿ, ಸಾಮಗ್ರಿಗಳನ್ನು ಎರವಲು ಪಡೆಯಬಹುದು ಎಂದು ಅದರ ಅರ್ಥ. ಅದೇ ವರ್ಷ ಮೆಸಿಡೋನಿಯಾದಲ್ಲಿ, 2004ರ ಡಿಸೆಂಬರಿನಿಂದ ಬೋಸ್ನಿಯಾದಲ್ಲಿ ಇದು ನಡೆಯಿತು. ಬೋಸ್ನಿಯಾದ 'ಆಲ್ತೆಯಾ' ಇನ್ನೂ ನಡೆದಿದೆ. ಆದರೆ ಅದರ ನಂತರ ಈ ದಾರಿಯಲ್ಲಿ ಹೊಸದೊಂದು ಕಾರ್ಯಾಚರಣೆ ಹುಟ್ಟಲಿಲ್ಲ.

ಮೇಲೆ ಬಾಗಿಲು ಹಾಕಿದರೆ ಕೆಳಗಿನವರು ಹಿತ್ತಲಿನಿಂದ ಓಡಾಡುತ್ತಾರೆ. ಸೊಮಾಲಿಯಾ ಕಡಲ್ಗಳ್ಳರ ಕಾಲದಲ್ಲಿ ಒಕ್ಕೂಟದ 'ಅಟಲಾಂಟಾ' ಮತ್ತು ನ್ಯಾಟೊದ 'ಓಷನ್ ಶೀಲ್ಡ್' ಎಂಬ ಎರಡು ಬೇರೆ ಬೇರೆ ನೌಕಾ ಕಾರ್ಯಾಚರಣೆಗಳು ಒಂದೇ ಸಮುದ್ರದಲ್ಲಿ ನಡೆಯುತ್ತಿದ್ದವು. ವಿಧಿವತ್ತಾದ ಒಪ್ಪಂದ ಇರಲಿಲ್ಲ. ಆದರೆ ಎರಡರ ನಿಯಂತ್ರಣ ಕಚೇರಿಯೂ ಲಂಡನ್ ಬಳಿಯ ನಾರ್ತ್‌ವುಡ್ ಎಂಬ ಒಂದೇ ಆವರಣದಲ್ಲಿತ್ತು! ಬಹರೇನಿನಲ್ಲಿ ಕೂಡುತ್ತಿದ್ದ ಸಮನ್ವಯ ಸಭೆಗೆ ಭಾರತ, ಚೀನಾ, ಜಪಾನ್ ನೌಕಾಪಡೆಗಳೂ ಬಂದು ಬೆಂಗಾವಲಿನ ವೇಳಾಪಟ್ಟಿ ಹಂಚಿಕೊಂಡವು. 2016, 2018, 2023ರಲ್ಲಿ ಮೂರು ಜಂಟಿ ಘೋಷಣೆಗಳು ಹೊರಬಿದ್ದು, 74 ಕೆಲಸಗಳ ಪಟ್ಟಿಯೂ ತಯಾರಾಯಿತು. ಘೋಷಣೆಗಳನ್ನು ಓದಿದರೆ ನಿದ್ದೆ ಬರುತ್ತದೆ, ನಿಜ. ಒಂದು ಕೆಲಸ ಮಾತ್ರ ಬಲು ಮುಖ್ಯ: ಸೇನೆ ಸಾಗಿಸುವ ದಾರಿ.

2022ರಲ್ಲಿ ಫ್ರಾನ್ಸ್ ತನ್ನ ಲೆಕ್ಲೆರ್ಕ್ ಟ್ಯಾಂಕುಗಳನ್ನು ಟ್ರೈಲರ್ ಲಾರಿಗಳಲ್ಲಿ ರೊಮೇನಿಯಾಕ್ಕೆ ಕಳಿಸಲು ಹೊರಟಿತು. ನಮ್ಮ ರಸ್ತೆ ನಿಯಮಕ್ಕಿಂತ ಆಕ್ಸೆಲ್ ಮೇಲಿನ ಭಾರ ಹೆಚ್ಚಾಯಿತು ಎಂದು ಜರ್ಮನಿ ಬಿಡಲಿಲ್ಲ. ಕೊನೆಗೆ ರೈಲಿನಲ್ಲಿ ಹೋದವು. ಇಬ್ಬರೂ ನ್ಯಾಟೊ ಸದಸ್ಯರೇ! ಟ್ಯಾಂಕಿನ ಮೇಲೆ ನ್ಯಾಟೊಗೆ ಹಿಡಿತವಿದೆ, ಸೇತುವೆಯ ಮೇಲೆ ಇಲ್ಲ. ಸೇತುವೆ, ಸುರಂಗ, ಸುಂಕದ ಕಾಗದ, ರೈಲು ಹಳಿ ಇವು ಒಕ್ಕೂಟದ ಕಾನೂನು ಮತ್ತು ಒಕ್ಕೂಟದ ದುಡ್ಡು. 2021ರಿಂದ 27ರ ಅವಧಿಗೆ ಇದಕ್ಕೆಂದು ಒಕ್ಕೂಟ ಎತ್ತಿಟ್ಟದ್ದು ಸುಮಾರು 169 ಕೋಟಿ ಯೂರೊ. ನೆದರ್ಲೆಂಡ್ಸ್ ಮುನ್ನಡೆಸುತ್ತಿರುವ ಒಕ್ಕೂಟದ ಈ ಯೋಜನೆಗೆ ಸದಸ್ಯರಲ್ಲದ ಅಮೆರಿಕ, ಕೆನಡಾ, ನಾರ್ವೆ 2021ರಲ್ಲಿ ತಾವಾಗಿ ಬಂದು ಸೇರಿಕೊಂಡವು. ನ್ಯಾಟೊ ಇದ್ದ ಮೇಲೆ ಒಕ್ಕೂಟ ಯಾಕೆ ಎಂದು ತಿರುಗಿಸಿ ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನ್ನ ಬಳಿ ಇಲ್ಲ.

ಒಳಗೆ ಹೋಗುವ ಬಾಗಿಲು

ನ್ಯಾಟೊ ಸೇರಲು ಇರುವ ಸದಸ್ಯರೆಲ್ಲ ಒಪ್ಪಬೇಕು, ಒಬ್ಬರು ಬೇಡವೆಂದರೂ ಮುಗಿಯಿತು. ಫಿನ್ಲೆಂಡಿನ ಸಂಸತ್ತು 188ಕ್ಕೆ 8 ಮತಗಳಿಂದ ಒಪ್ಪಿದ ನಂತರವೂ 2023ರ ಏಪ್ರಿಲ್ 4ರವರೆಗೆ ಕಾಯಬೇಕಾಯಿತು. ಸ್ವೀಡನ್ ಪಾಡು ಇನ್ನೂ ಕಷ್ಟ. ಟರ್ಕಿಯ ಸಂಸತ್ತು ಹೂಂ ಎಂದದ್ದು 2024ರ ಜನವರಿ 23ಕ್ಕೆ. ಅದೇ ವಾರ ಅಮೆರಿಕ ಟರ್ಕಿಗೆ 2,300 ಕೋಟಿ ಡಾಲರಿನ ಎಫ್-16 ವ್ಯವಹಾರಕ್ಕೆ ಹಸಿರು ನಿಶಾನೆ ತೋರಿತು. ಹಂಗೆರಿ ಒಪ್ಪಿದ್ದು ಫೆಬ್ರವರಿ 26ಕ್ಕೆ. ಮೂರು ದಿನ ಮೊದಲು ಸ್ವೀಡನ್ನಿನಿಂದ ಇನ್ನೂ 4 ಗ್ರಿಪೆನ್ ಯುದ್ಧವಿಮಾನ ಕೊಳ್ಳುವ ಮಾತು ಮುಗಿದಿತ್ತು. ಎಲ್ಲವೂ ಕಾಕತಾಳೀಯ ಎಂದು ನಂಬುವವರು ನಂಬಲಿ.

ಅರ್ಜಿ ಕೊಟ್ಟ ದಿನದಿಂದ ಸದಸ್ಯತ್ವ ಸಿಗುವ ದಿನದವರೆಗಿನ ಈ ನಡುಗಾಲವೇ ಅಪಾಯದ್ದು. ಎದುರಾಳಿಗೆ ನಿಮ್ಮ ಮನಸ್ಸು ಗೊತ್ತಾಗಿದೆ, ನಿಮಗಿನ್ನೂ ಬಾಗಿಲು ತೆರೆದಿಲ್ಲ. ಅದಕ್ಕೆ ಫಿನ್ಲೆಂಡ್ ಮತ್ತು ಸ್ವೀಡನ್ ಅರ್ಜಿಗೆ ಒಂದು ವಾರ ಮೊದಲೇ, ಮೇ 11ರಂದು, ಬ್ರಿಟನ್ನಿನೊಂದಿಗೆ ಪರಸ್ಪರ ನೆರವಿನ ಘೋಷಣೆ ಮಾಡಿಕೊಂಡವು. ಎರಡೂ 1994ರಿಂದ ನ್ಯಾಟೊದ ಪಾಲುದಾರ ದೇಶಗಳಾಗಿ ಅದರ ಅಳತೆ, ಅದರ ಸಂಕೇತಭಾಷೆ, ಅದರ ಅಭ್ಯಾಸಗಳಿಗೆ ಒಗ್ಗಿಕೊಂಡಿದ್ದವು. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಲಿಲ್ಲ. ಬಾವಿ ಇತ್ತು, ಹಗ್ಗ ಕಟ್ಟಿದರು ಅಷ್ಟೇ.

ಐರೋಪ್ಯ ಒಕ್ಕೂಟಕ್ಕೆ ಹೊಸದಾಗಿ ಸೇರುವುದಂತೂ ವರ್ಷಗಟ್ಟಲೆಯ ಮಾತು. ರಕ್ಷಣೆಗೆಂದು ಮಾತ್ರ ಯಾರೂ ಆ ಬಾಗಿಲು ತಟ್ಟುವುದಿಲ್ಲ. ಒಳಗಿದ್ದೂ ರಕ್ಷಣೆಯಿಂದ ದೂರವಿದ್ದ ಡೆನ್ಮಾರ್ಕ್ ಮಾತ್ರ 2022ರ ಜೂನ್ 1ರ ಜನಮತಗಣನೆಯಲ್ಲಿ ಆ ವಿನಾಯಿತಿಯನ್ನು ಬಿಟ್ಟುಕೊಟ್ಟಿತು.

ಚಿಕ್ಕ ಕೂಟದ ಚುರುಕು

ಮೂರನೆಯ ದಾರಿಯ ಬಗ್ಗೆ ಕನ್ನಡದಲ್ಲಿ ಯಾರೂ ಬರೆದದ್ದು ನಾನು ನೋಡಿಲ್ಲ. ಬ್ರಿಟನ್ ಮುಂದಾಳತ್ವದ 'ಜಾಯಿಂಟ್ ಎಕ್ಸ್‌ಪೆಡಿಷನರಿ ಫೋರ್ಸ್' ಎಂಬ ಕೂಟವಿದೆ. ಬ್ರಿಟನ್, ನೆದರ್ಲೆಂಡ್ಸ್, ಐದು ನಾರ್ಡಿಕ್ ದೇಶಗಳು, ಮೂರು ಬಾಲ್ಟಿಕ್ ದೇಶಗಳು, ಒಟ್ಟು 10. ಇಲ್ಲಿ ಯಾರನ್ನೂ ಕಾಪಾಡುವ ಕಾನೂನುಬದ್ಧ ಹೊಣೆ ಇಲ್ಲ. ಹಾಗೆಯೇ ಎಲ್ಲರೂ ಒಪ್ಪಲೇಬೇಕೆಂಬ ನಿಯಮವೂ ಇಲ್ಲ. ಬರುವವರು ಬಂದರೆ ಕೆಲಸ ಶುರು. ಫಿನ್ಲೆಂಡ್, ಸ್ವೀಡನ್ 2017ರಲ್ಲಿ, ಅಂದರೆ ನ್ಯಾಟೊ ಸೇರುವ ಎಷ್ಟೋ ಮೊದಲೇ ಇದರೊಳಗೆ ಬಂದಿದ್ದವು. ಟರ್ಕಿ ಇಲ್ಲ, ಹಂಗೆರಿ ಇಲ್ಲ, ಅಮೆರಿಕವೂ ಇಲ್ಲ. ಎಲ್ಲರ ಕಣ್ಣೂ ಒಂದೇ ಸಮುದ್ರದ ಮೇಲೆ, ಎಲ್ಲರ ಭಯವೂ ಒಂದೇ ಕಡೆಯಿಂದ. ಯುದ್ಧದ ಮಟ್ಟಕ್ಕೆ ಏರದ ಕಿರುಕುಳಗಳಿಗೆ, ಕೇಬಲ್ ಕತ್ತರಿಸುವುದು, ಡ್ರೋನ್ ಹಾರಿಸುವುದು ಇಂಥವಕ್ಕೆ, 32 ದೇಶಗಳ ಸಭೆ ಕರೆಯುವುದಕ್ಕಿಂತ ಇದೇ ಲೇಸು. ಆದರೆ ಅಣ್ವಸ್ತ್ರದ ಬೆದರಿಕೆ ಬಂದರೆ ಬ್ರಿಟನ್ ಒಂದರ ಬೆನ್ನ ಹಿಂದೆ ಎಷ್ಟು ಮಂದಿ ನಿಲ್ಲಲಾದೀತು?

ಸ್ನೇಹಿತರನ್ನು ಆರಿಸುವಾಗ ಮುಂದಾಳು ಯಾರು ಎಂಬುದೂ ಮುಖ್ಯ. ರಷ್ಯಾ ನೇತೃತ್ವದ ಸಾಮೂಹಿಕ ಭದ್ರತಾ ಒಪ್ಪಂದ ಸಂಘಟನೆಯಲ್ಲೂ 5ನೇ ವಿಧಿಯಂಥದೇ ಒಂದು ವಿಧಿ ಇದೆ. 2022ರ ಜನವರಿಯಲ್ಲಿ ಕಜಾಕಸ್ತಾನದ ಅಧ್ಯಕ್ಷರು ಬೀದಿ ಗಲಭೆ ಅಡಗಿಸಲು ಕೇಳಿದಾಗ ತಕ್ಷಣ ಪಡೆ ಬಂತು. ಅದೇ ವರ್ಷ ಅಜರ್‌ಬೈಜಾನ್ ದಾಳಿ ಮಾಡಿತು ಎಂದು ಅರ್ಮೇನಿಯಾ ಕರೆದಾಗ ಬಂದದ್ದು ಪರಿಶೀಲನಾ ತಂಡ. 2024ರಲ್ಲಿ ಅರ್ಮೇನಿಯಾ ತನ್ನ ಭಾಗವಹಿಸುವಿಕೆಯನ್ನೇ ನಿಲ್ಲಿಸಿತು.

ಯಾರೂ ಬೇಡ ಎಂದರೆ

ತಟಸ್ಥ ನೀತಿಯ ಬಗ್ಗೆ ನಮಗೆ ಸಹಜವಾಗಿಯೇ ಮೆಚ್ಚುಗೆ. ಕೊರಿಯಾ ಯುದ್ಧದ ಕೈದಿಗಳ ವಿಲೇವಾರಿಗೆ 1953ರಲ್ಲಿ ತಟಸ್ಥ ರಾಷ್ಟ್ರಗಳ ಆಯೋಗ ರಚನೆಯಾದಾಗ ಅಧ್ಯಕ್ಷರಾದವರೂ ಇದೇ ತಿಮ್ಮಯ್ಯನವರು. ಸ್ವೀಡನ್ ಮತ್ತು ಸ್ವಿಟ್ಜರ್ಲೆಂಡ್ ಅದರಲ್ಲಿದ್ದವು. ಆದರೆ ಭಾರತದ ಅಲಿಪ್ತ ನೀತಿಯನ್ನೂ ಯೂರೋಪಿನ ತಟಸ್ಥ ನೀತಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ನಮ್ಮದು 140 ಕೋಟಿ ಜನ, ಅಣ್ವಸ್ತ್ರ ಇರುವ ದೇಶ. ಯಾರೂ ಬಾರದಿದ್ದರೂ ಒಬ್ಬರೇ ನಿಂತು ಕಾದಬಲ್ಲೆವು. ಅಷ್ಟಾಗಿಯೂ 1971ರ ಆಗಸ್ಟ್ 9ರಂದು ಸೋವಿಯತ್ ಒಕ್ಕೂಟದ ಜೊತೆ ಒಪ್ಪಂದಕ್ಕೆ ಸಹಿ ಹಾಕಿದ್ದು, ಕಷ್ಟಕಾಲ ಎದುರಿಗೆ ಬಂದಾಗಲೇ.

ಆಸ್ಟ್ರಿಯಾ 1955ರ ಅಕ್ಟೋಬರ್ 26ರಂದು ತಟಸ್ಥ ನೀತಿಯನ್ನು ಸಂವಿಧಾನಕ್ಕೇ ಸೇರಿಸಿತು. ಅದರ ಸುತ್ತ ಇರುವವರೆಲ್ಲ ಸ್ವಿಟ್ಜರ್ಲೆಂಡ್, ಲಿಕ್ಟೆನ್‌ಸ್ಟೈನ್ ಬಿಟ್ಟರೆ ನ್ಯಾಟೊ ಸದಸ್ಯರು. ಬೇಲಿ ಪಕ್ಕದವರು ಹಾಕಿದ್ದಾರೆ, ಇವರಿಗೆ ನೆಮ್ಮದಿ. ಐರ್ಲೆಂಡಿನದೂ ಅದೇ ಕಥೆ, ಒಂದು ಹೆಜ್ಜೆ ಮುಂದೆ. ಅಟ್ಲಾಂಟಿಕ್ ತಳದ ಎಷ್ಟೋ ಇಂಟರ್ನೆಟ್ ಕೇಬಲ್‌ಗಳು ಅದರ ಕಡಲಿನಲ್ಲಿ ಇಲ್ಲವೇ ಅದರ ಹತ್ತಿರ ಹಾದುಹೋಗುತ್ತವೆ, ಆದರೆ ಅದರ ವಾಯುಪಡೆಯಲ್ಲಿ ಒಂದೂ ಯುದ್ಧವಿಮಾನವಿಲ್ಲ. 12ಕ್ಕಿಂತ ಹೆಚ್ಚು ಯೋಧರನ್ನು ಹೊರಗೆ ಕಳಿಸಬೇಕಾದರೆ ಸರ್ಕಾರ, ಸಂಸತ್ತು ಮತ್ತು ವಿಶ್ವಸಂಸ್ಥೆ ಮೂರೂ ಒಪ್ಪಬೇಕೆಂಬ ಮೂರು ಬೀಗದ ನಿಯಮ ಬೇರೆ. ವಿಶ್ವಸಂಸ್ಥೆಯ ಬೀಗದ ಕೈ ಭದ್ರತಾ ಮಂಡಳಿಯ ಕಾಯಂ ಸದಸ್ಯರಲ್ಲಿದೆ, ರಷ್ಯಾ ಅವರಲ್ಲೊಬ್ಬರು. ಸ್ವಿಟ್ಜರ್ಲೆಂಡ್ ಮಾತ್ರ ತಟಸ್ಥವಾಗಿರಲು ಖರ್ಚು ಮಾಡುತ್ತದೆ: ಕಡ್ಡಾಯ ಸೈನಿಕ ಸೇವೆ, ಬೆಟ್ಟದೊಳಗಿನ ಬಂಕರ್‌ಗಳು. ತಟಸ್ಥ ಎಂದರೆ ಪುಕ್ಕಟೆ ಎಂದುಕೊಂಡವರು ಅಲ್ಲಿಯ ಬಜೆಟ್ ನೋಡಬೇಕು.

ಖರ್ಚಿನ ಮಾತು ಬಂದಿತಲ್ಲ. ನ್ಯಾಟೊ 2014ರಲ್ಲಿ ಜಿಡಿಪಿಯ ಶೇ 2 ಎಂದಿತ್ತು. 2025ರ ಜೂನ್‌ನಲ್ಲಿ ಹೇಗ್ ಸಭೆ 2035ರೊಳಗೆ ಶೇ 5 ಎಂದಿತು; ಶೇ 3.5 ನೇರ ಸೇನೆಗೆ, ಶೇ 1.5 ರಸ್ತೆ, ಸೈಬರ್ ಇತ್ಯಾದಿಗೆ. ಒಕ್ಕೂಟ ಖರ್ಚಿನ ಗುರಿ ಹಾಕುವುದಿಲ್ಲ, ಸಾಲ ಕೊಡುತ್ತದೆ: 2025ರ ಮೇನಲ್ಲಿ 15,000 ಕೋಟಿ ಯೂರೊಗಳ ಸಾಲ ಯೋಜನೆ ಮಂಜೂರಾಯಿತು, ಕೊಳ್ಳುವ ಆಯುಧಗಳ ಬಿಡಿಭಾಗಗಳ ಬೆಲೆಯಲ್ಲಿ ಹೊರಗಿನವರ ಪಾಲು ಶೇ 35 ಮೀರಬಾರದು ಎಂಬ ಷರತ್ತಿನೊಂದಿಗೆ. ಒಬ್ಬರು ಬಾಡಿಗೆ ಕೇಳುವವರು, ಇನ್ನೊಬ್ಬರು ಸಾಲ ಕೊಟ್ಟು ನಮ್ಮ ಅಂಗಡಿಯಲ್ಲೇ ಕೊಳ್ಳಿ ಎನ್ನುವವರು.

ಹಾಗಾದರೆ ಯಾರಿಗೆ ಯಾವುದು

ಬಲಿಷ್ಠ, ಮುನಿದ ನೆರೆಯವನ ಪಕ್ಕದಲ್ಲಿ ಗಡಿ ಇರುವ ದೇಶಕ್ಕೆ ನ್ಯಾಟೊಗೆ ಸಾಟಿ ಇಲ್ಲ. ಅಮೆರಿಕದ ಮನಸ್ಸು ಹೊಯ್ದಾಡುತ್ತಿರುವ ಈ ಕಾಲದಲ್ಲೂ ಇದನ್ನೇ ಹೇಳುತ್ತೇನೆ, ಏಕೆಂದರೆ ಅದರ ಕಚೇರಿ, ನಕ್ಷೆ, ಅಭ್ಯಾಸಗಳನ್ನು ಬೇರೆ ಯಾರೂ ಕಟ್ಟಿಕೊಂಡಿಲ್ಲ. ಆದರೆ ಅದೊಂದನ್ನೇ ನೆಚ್ಚಬಾರದು. ನಾರ್ವೆಯ ಹಾಗೆ ನ್ಯಾಟೊದಲ್ಲಿದ್ದು ಒಕ್ಕೂಟದ ಹೊರಗಿದ್ದರೆ ಕಾವಲಿಗೆ ಕೊರತೆಯಿಲ್ಲ, ಕಾರ್ಖಾನೆಯ ದುಡ್ಡಿಗೆ, ನಿರ್ಬಂಧ ಹೇರುವ ಅಧಿಕಾರಕ್ಕೆ ಮಾತ್ರ ಪಕ್ಕದವರ ಮುಖ ನೋಡಬೇಕು. ಐಸ್‌ಲೆಂಡಿನಂತೆ ಸೇನೆಯೇ ಇಲ್ಲದ ದೇಶಕ್ಕೂ ಜಾಗ ಸಿಕ್ಕಿದೆ, ಅದರ ಕೊಡುಗೆ ತಾನು ಕೂತಿರುವ ಜಾಗವೇ. ಸುತ್ತ ಮಿತ್ರರೇ ಇರುವ ದೇಶಕ್ಕೆ ಒಕ್ಕೂಟದ ವಿಧಿ ಸದ್ಯಕ್ಕೆ ಸಾಕೆನಿಸಬಹುದು. ಎರಡರ ಬಾಗಿಲೂ ತೆರೆಯದ ಮಾಲ್ಡೋವಾದಂಥ ದೇಶಗಳು ಚಿಕ್ಕ ಕೂಟ, ದ್ವಿಪಕ್ಷೀಯ ಒಪ್ಪಂದ, ಸ್ವಂತ ತೋಳ್ಬಲ ಇವುಗಳಿಂದಲೇ ದಿನ ದೂಡಬೇಕು.

ಫಿನ್ಲೆಂಡ್ ಒಂದನ್ನೂ ಬಿಡಲಿಲ್ಲ. ನ್ಯಾಟೊ ಸೇರಿದ ಮೇಲೂ ಕಡ್ಡಾಯ ಸೈನಿಕ ಸೇವೆ ಮುಂದುವರಿದಿದೆ, ಯುದ್ಧಕಾಲಕ್ಕೆ 2,80,000 ಯೋಧರನ್ನು ನಿಲ್ಲಿಸುವ ಏರ್ಪಾಡು ಹಾಗೆಯೇ ಇದೆ. ಈ ಪದರಗಳು ಹೇಗೆ ಕೆಲಸ ಮಾಡುತ್ತವೆ ಎಂದು 2024ರ ಕ್ರಿಸ್ಮಸ್ ದಿನ ಗೊತ್ತಾಯಿತು. ರಷ್ಯಾದ ತೈಲ ಹೊತ್ತ 'ಈಗಲ್ ಎಸ್' ಎಂಬ ಹಡಗು ಸಮುದ್ರತಳದಲ್ಲಿ ಲಂಗರನ್ನು ಸುಮಾರು 90 ಕಿಲೋಮೀಟರ್ ಎಳೆದುಕೊಂಡು ಹೋಗಿ, ಎಸ್ಟೋನಿಯಾಕ್ಕೆ ಕರೆಂಟು ಸಾಗಿಸುವ 'ಎಸ್ಟ್‌ಲಿಂಕ್ 2' ಕೇಬಲ್ಲನ್ನೂ ನಾಲ್ಕು ದೂರಸಂಪರ್ಕ ಕೇಬಲ್‌ಗಳನ್ನೂ ಹಾಳುಮಾಡಿತು. ಮರುದಿನವೇ ಫಿನ್ಲೆಂಡಿನ ಸ್ವಂತ ಪೊಲೀಸರು ಹೆಲಿಕಾಪ್ಟರಿನಿಂದ ಹಡಗಿನ ಮೇಲೆ ಇಳಿದರು. ಜನವರಿ ಮೊದಲ ವಾರದಲ್ಲಿ ಹತ್ತು ದೇಶಗಳ ಚಿಕ್ಕ ಕೂಟ ಹಡಗುಗಳ ಮೇಲೆ ಕಣ್ಣಿಡುವ ವ್ಯವಸ್ಥೆ ಚಾಲೂ ಮಾಡಿತು. 14ರಂದು ಹೆಲ್ಸಿಂಕಿಯಲ್ಲಿ ನ್ಯಾಟೊ 'ಬಾಲ್ಟಿಕ್ ಸೆಂಟ್ರಿ' ಕಾವಲನ್ನು ಸಾರಿತು. ರಷ್ಯಾದ ಇಂಥ ಕಳ್ಳ ಹಡಗುಗಳ ಮೇಲೆ ನಿರ್ಬಂಧದ ಪಟ್ಟಿ ಬೆಳೆಸುವ ಕೆಲಸ ಐರೋಪ್ಯ ಒಕ್ಕೂಟದ್ದಾಯಿತು.

ಮುಂದಿನ ಅಕ್ಟೋಬರಿನಲ್ಲಿ ಹೆಲ್ಸಿಂಕಿಯ ನ್ಯಾಯಾಲಯ ಹಡಗಿನ ಕ್ಯಾಪ್ಟನ್ ಮೇಲಿನ ಮೊಕದ್ದಮೆಯನ್ನು ಕೈಬಿಟ್ಟಿತು. ಕೇಬಲ್ ಹರಿದ ಜಾಗ ಫಿನ್ಲೆಂಡಿನ ಆರ್ಥಿಕ ವಲಯದಲ್ಲಿತ್ತು, ಅದರ ಪ್ರಾದೇಶಿಕ ಜಲಗಡಿಯೊಳಗೆ ಅಲ್ಲ. ಹಾಗಾಗಿ ವಿಚಾರಣೆ ನಡೆಸುವ ಅಧಿಕಾರ ತನಗಿಲ್ಲ ಎಂದಿತು.